ಅಂಟಿಲ್ಲದ ಹಿಟ್ಟು: ಉಜ್ಜಿನಿ ಸೀಮೆಯ ಊಟದ ಚರಿತ್ರೆ

ಗ್ಲುಟೆನ್ ಎಂಬ ಲ್ಯಾಟಿನ್ ಶಬ್ದಕ್ಕೆ ಅಂಟು, ಗೋಂದು ಎಂದು ಅರ್ಥ. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿರುವ ಒಂದು ಬಗೆಯ ಸಸಾರಜನಕಕ್ಕೆ ಈ ಹೆಸರು ನಿಂತಿದೆ. ಗೋಧಿ ಹಿಟ್ಟನ್ನು ನಾದಿ, ಆ ಕಣಕವನ್ನು ನೀರಿನಲ್ಲಿ ಹಿಸುಕುತ್ತ ತೊಳೆದರೆ ಹಿಟ್ಟಿನ ಬಿಳುಪೆಲ್ಲ ಹರಿದುಹೋಗಿ ಕೊನೆಗೆ ರಬ್ಬರಿನಂತಹ ಒಂದು ಉಂಡೆ ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್. ಚಪಾತಿ ಲಟ್ಟಿಸಿದಂತೆಲ್ಲ ಹಿಗ್ಗುವುದು, ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಹೊದ್ದುಕೊಳ್ಳುವುದು, ಬ್ರೆಡ್ಡು ಉಬ್ಬುವುದು, ಎಲ್ಲವೂ ಈ ಅಂಟಿನ ಮಹಿಮೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ಪತ್ರ ಬರೆದಿದ್ದರು. ಅವರ ಮಗಳಿಗೆ ಸೀಲಿಯಾಕ್ ಎಂಬ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದಾರಂತೆ. ಗೋಧಿಯ ಕಣವೂ ಹೊಟ್ಟೆಗೆ ಹೋಗಕೂಡದು. ಗ್ಲುಟೆನ್ ರಹಿತವೆಂದು ಚೀಟಿ ಅಂಟಿಸಿದ ಹಿಟ್ಟು, ಬಿಸ್ಕತ್ತುಗಳ ಬೆಲೆ ನೋಡಿ ಅವರಿಗೆ ದಿಗಿಲಾಗಿದೆ. ಒಂದೇ ಸಂಬಳದ ಮನೆಯಲ್ಲಿ ಇದನ್ನು ತೂಗಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ನಾನು ವೈದ್ಯನಲ್ಲ, ಚರಿತ್ರೆಯ ಮೇಷ್ಟ್ರು. ಆದರೆ ಪತ್ರವನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ಅವರ ಅಜ್ಜಿ ಮುತ್ತಜ್ಜಿಯರು ಉಜ್ಜಿನಿ ಸೀಮೆಯವರು ಎಂಬ ಸಂಗತಿ. ಆ ಸೀಮೆಯ ಜನ ನೂರಾರು ವರ್ಷ ಅತಿ ಕಡಮೆ ಖರ್ಚಿನಲ್ಲಿ ಅಂಟಿಲ್ಲದ ಹಿಟ್ಟನ್ನೇ ತಿಂದು ಬದುಕಿದವರು. ಅವರಿಗೆ ಅದು ಪಥ್ಯವಾಗಿರಲಿಲ್ಲ, ಊಟವಾಗಿತ್ತು. ಆದುದರಿಂದ ಉತ್ತರವನ್ನು ನನಗೆ ಗೊತ್ತಿರುವ ದಾರಿಯಿಂದಲೇ ಹೇಳುತ್ತೇನೆ. ಉಳಿದವರೂ ಓದಬಹುದು.

ಉಜ್ಜಿನಿಯನ್ನು ನೋಡದವರಿಗೆ ಎರಡು ಮಾತು. ಹಿಂದೆ ಕೂಡ್ಲಿಗಿ ತಾಲ್ಲೂಕಿಗೂ ಈಗ ಕೊಟ್ಟೂರು ತಾಲ್ಲೂಕಿಗೂ ಸೇರಿದ ಊರು. ಪಂಚಪೀಠಗಳಲ್ಲಿ ಒಂದಾದ ಸದ್ಧರ್ಮ ಪೀಠ ಇರುವ ಸ್ಥಳ. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂದು ನಮ್ಮ ಕಡೆ ಹೇಳುವುದುಂಟು. ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆ ಅಂಥದು. ಜಾತ್ರೆಯಲ್ಲಿ ಶಿಖರಕ್ಕೆ ಎಣ್ಣೆ ಎರೆಯುವ ಊರೂ ಇದೇ. ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳೆಲ್ಲ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಆಳುವವರು ಎಷ್ಟೋ ಸಲ ಬದಲಾದರು. 1800ರಲ್ಲಿ ನಿಜಾಮನು ಈ ನೆಲವನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. 1953ರ ಅಕ್ಟೋಬರ್ 1ರವರೆಗೆ ಅದು ಮದರಾಸಿನ ಆಡಳಿತದಲ್ಲಿತ್ತು. ಬದಲಾಗದೆ ಉಳಿದದ್ದು ಮಳೆಯ ಜಿಪುಣತನ. ಬಹುಪಾಲು ಕೆಂಪು ನೆಲ, ಅಲ್ಲಲ್ಲಿ ಎರೆ. ಇಂಥ ನೆಲದಲ್ಲಿ ಬತ್ತ ಕೆರೆಯ ಕೆಳಗಿನ ಭಾಗ್ಯವಂತರ ಬೆಳೆ. ಉಳಿದವರಿಗೆ ಜೋಳ, ಸಜ್ಜೆ, ನವಣೆ, ರಾಗಿ, ಸಾಮೆ, ಕೊರಲೆ. ಜೊತೆಗೆ ಹುರುಳಿ, ಹೆಸರು, ತೊಗರಿ, ಅಲಸಂದೆ. ಇವುಗಳಲ್ಲಿ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ.

ಇಲ್ಲವೆಂಬುದು ನಮ್ಮ ಹೆಂಗಸರ ಕೈಗೆ ತಿಳಿದಿತ್ತು. ಜೋಳದ ರೊಟ್ಟಿಯನ್ನು ಯಾರೂ ಚಪಾತಿಯಂತೆ ತಣ್ಣೀರಿನಲ್ಲಿ ಕಲಸಿ ಲಟ್ಟಿಸುವುದಿಲ್ಲ. ಎಸರು ಕುದಿಸಿ, ಆ ಬಿಸಿನೀರನ್ನು ಹಿಟ್ಟಿಗೆ ಹೊಯ್ದು, ಕೈ ಸುಡುತ್ತಿರುವಾಗಲೇ ನಾದಿ, ಅಂಗೈಯಿಂದ ಬಡಿಯುತ್ತಾರೆ. ಹಿಡಿದುಕೊಳ್ಳುವ ಅಂಟು ಹಿಟ್ಟಿನಲ್ಲಿ ಇಲ್ಲದ ಕಾರಣ, ಕುದಿನೀರಿನಿಂದ ಪಿಷ್ಟವನ್ನು ಅರೆಬೇಯಿಸಿ ಅದನ್ನೇ ಅಂಟಾಗಿ ಮಾಡಿಕೊಳ್ಳುವ ಉಪಾಯ ಇದು. ರಾಗಿ ಮುದ್ದೆಯೂ ಇದೇ ಉಪಾಯದ ಮಗು. ಬೀಸಿ ಬಹಳ ದಿನವಾದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. 'ಹಿಟ್ಟಿಗೆ ಜಿಗಿ ಇಲ್ಲ' ಎನ್ನುತ್ತಾರೆ. ಜಿಗಿ! ಗ್ಲುಟೆನ್ ಎಂಬುದಕ್ಕೆ ಕನ್ನಡ ಪದ ಹುಡುಕುತ್ತಿರುವ ಪಂಡಿತರು ಒಮ್ಮೆ ಒಲೆಯ ಮುಂದೆ ಕುಳಿತುಕೊಳ್ಳುವುದು ಒಳ್ಳೆಯದು.

ಈ ಊಟ ಎಷ್ಟು ಹಳೆಯದು? ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ನೆಲೆಗಳಿವೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅವನ್ನು ಗುರುತಿಸಿದ್ದನು. 1948ರಲ್ಲಿ ಸುಬ್ಬರಾವ್ ಅವರು ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳ ಬಗೆಗೆ ಪುಸ್ತಕವನ್ನೇ ಬರೆದರು. ಆಮೇಲಿನ ಕಾಲದಲ್ಲಿ ಡೋರಿಯನ್ ಫುಲ್ಲರ್ ಮೊದಲಾದ ವಿದ್ವಾಂಸರು ಅಲ್ಲಿನ ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಿಯಾದ ಕಾಳುಗಳನ್ನು ಹೆಕ್ಕಿ ನೋಡಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಆ ಗುಡ್ಡದ ಜನ ಮುಖ್ಯವಾಗಿ ತಿನ್ನುತ್ತಿದ್ದದ್ದು ಕೊರಲೆ, ನವಣೆಯ ಜಾತಿಗೆ ಸೇರಿದ ಇನ್ನೊಂದು ಕಿರುಧಾನ್ಯ, ಹೆಸರು ಮತ್ತು ಹುರುಳಿ. ಗೋಧಿ, ಬಾರ್ಲಿಗಳೂ ಸಿಕ್ಕಿವೆ, ಆದರೆ ಸ್ವಲ್ಪವೇ. ನಾವು ಈ ನೆಲದ ಮೂಲವೆಂದು ತಿಳಿದಿರುವ ಜೋಳ ಆ ಮೊದಲ ಪಂಕ್ತಿಯಲ್ಲಿ ಇಲ್ಲ! ಅದರ ತವರು ಆಫ್ರಿಕ. ರಾಗಿ, ಸಜ್ಜೆಗಳ ತವರೂ ಅದೇ. ಅವು ಬಂದು ಇಲ್ಲಿಯವೇ ಆದವು. ಏಕದಳ ಧಾನ್ಯದ ಜೊತೆಗೆ ದ್ವಿದಳ ಧಾನ್ಯ ಎಂಬ ಜೋಡಿ ಮಾತ್ರ ಅಂದಿನಿಂದಲೇ ಇದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹತ್ತನೆಯ ಶತಮಾನದ ಹೊತ್ತಿಗೆ ಜೋಳವೆಂದರೆ ಅನ್ನವೆಂದೇ ಅರ್ಥವಾಗಿತ್ತು. ಉಂಡ ಒಡೆಯನ ಋಣಕ್ಕೆ ಪ್ರಾಣ ಕೊಡುವ ವೀರಧರ್ಮವನ್ನು ಹಳಗನ್ನಡದಲ್ಲಿ ಜೋಳವಾಳಿ ಎಂದರು. ಅಕ್ಕಿಯ ಋಣವೆನ್ನಲಿಲ್ಲ, ಗೋಧಿಯ ಋಣವೆನ್ನಲಿಲ್ಲ. 1520ರ ಸುಮಾರಿಗೆ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಪೇಟೆಯಲ್ಲಿ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿಗಳ ರಾಶಿಯನ್ನು ಕಂಡು ಬರೆದಿದ್ದಾನೆ. ಆ ಶತಮಾನದವರೇ ಆದ ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಶ್ರೀರಾಮನಿಂದ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದರು. ಅದನ್ನು ಜಾತಿಯ ಮೇಲಿನ ಕಾವ್ಯವೆಂದು ತರಗತಿಯಲ್ಲಿ ಪಾಠ ಮಾಡುತ್ತೇವೆ, ಸರಿಯೇ. ಆದರೆ ಬರ ಕಂಡ ಸೀಮೆಯವರಿಗೆ ಅದರಲ್ಲಿ ಉಗ್ರಾಣದ ವಿವೇಕವೂ ಕಾಣುತ್ತದೆ. ಹಗೇವಿನಲ್ಲಿ ಹಾಕಿ ಮಣ್ಣು ಮುಚ್ಚಿದ ಜೋಳ, ಕಣಜದಲ್ಲಿಟ್ಟ ರಾಗಿ, ಮಳೆ ಕೈಕೊಟ್ಟ ವರ್ಷದ ವಿಮೆ.

ವಿಮೆಯೂ ಸೋತ ಕಾಲವೊಂದಿತ್ತು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1876ರಲ್ಲಿ ಮಳೆ ಹೋಯಿತು. ಅದು ಧಾತು ಸಂವತ್ಸರ. ಮರುವರ್ಷ ಈಶ್ವರ ಸಂವತ್ಸರ. ಧಾತು ಈಶ್ವರ ಬರವೆಂದು ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಮದರಾಸು ಪ್ರಾಂತದಲ್ಲಿ ಅದರ ಹೊಡೆತಕ್ಕೆ ಎಲ್ಲಕ್ಕಿಂತ ಹೆಚ್ಚು ಸಿಕ್ಕ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಮೆ ಐದರಲ್ಲಿ ಒಂದು ಪಾಲು ಕುಸಿಯಿತು. ಅದೇ ಕಾಲದಲ್ಲಿ ಇಂಡಿಯದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹಡಗೇರುತ್ತಲೇ ಇತ್ತು.

ಪರಿಹಾರ ಕಾಮಗಾರಿಗಳ ಖರ್ಚನ್ನು ಹತೋಟಿಗೆ ತರಲು ವೈಸ್‌ರಾಯ್ ಲಿಟ್ಟನ್ ಪ್ರಭು 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್‌ನನ್ನು ಮದರಾಸಿಗೆ ಕಳುಹಿಸಿದನು. ಮಣ್ಣು ಹೊರುವ, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ಟೆಂಪಲ್ ಕಟ್ಟುಮಾಡಿದನು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಮೆ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಅದು ಜೋಳವೇ ಆಗಿತ್ತೆಂದು ಇಟ್ಟುಕೊಂಡರೂ ಸಿಗುವುದು ಸುಮಾರು 1500 ಕ್ಯಾಲೊರಿ. ಮೈಮುರಿದು ದುಡಿಯುವ ಗಂಡಸಿಗೆ ಈಗಿನ ಲೆಕ್ಕದಲ್ಲಿ 3000ಕ್ಕೂ ಹೆಚ್ಚು ಬೇಕು. ಇದನ್ನು ಎದುರಿಸಿ ನಿಂತವನು ಮದರಾಸಿನ ನೈರ್ಮಲ್ಯ ಕಮಿಷನರ್ ಆಗಿದ್ದ ವೈದ್ಯ ವಿಲಿಯಂ ಕಾರ್ನಿಷ್. ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು, ಅದರ ಜೊತೆಗೆ ಬೇಳೆಯೂ ತರಕಾರಿಯೂ ಬೇಕು ಎಂಬುದು ಅವನ ವಾದ. ಬರಿಯ ಧಾನ್ಯದಿಂದ ಮನುಷ್ಯ ಬದುಕುವುದಿಲ್ಲ ಎಂಬುದನ್ನು ಅವನು ಬಂದೀಖಾನೆಗಳ ಪಡಿಯ ಅನುಭವದಿಂದ ಬಲ್ಲವನಾಗಿದ್ದನು. ವಾದಕ್ಕೆ ಅರ್ಧ ಜಯ ಸಿಕ್ಕಿತು. 1877ರ ಮಾರ್ಚಿಯಲ್ಲಿ ಮದರಾಸು ಸರ್ಕಾರ ಪಡಿಯನ್ನು ಒಂದೂಕಾಲು ಪೌಂಡು ಧಾನ್ಯ, ಒಂದೂವರೆ ಔನ್ಸು ಬೇಳೆಗೆ ಏರಿಸಿತು. ಒಂದೂವರೆ ಔನ್ಸು ಎಂದರೆ ಒಂದು ಹಿಡಿ ಬೇಳೆ. ಆ ಹಿಡಿ ಬೇಳೆಗಾಗಿ ಎಷ್ಟು ಕಾಗದ ಖರ್ಚಾಯಿತೋ! ನಮ್ಮ ಪಠ್ಯಪುಸ್ತಕಗಳಲ್ಲಿ ಲಿಟ್ಟನ್ನನ ದರ್ಬಾರಿಗೆ ಒಂದು ಪುಟವಿರುತ್ತದೆ, ಕಾರ್ನಿಷ್‌ನ ಹೆಸರೇ ಇರುವುದಿಲ್ಲ. ಕಡಮೆ ದುಡ್ಡಿನಲ್ಲಿ ಆರೋಗ್ಯದಿಂದ ಊಟ ಮಾಡುವುದು ಹೇಗೆಂಬ ಪ್ರಶ್ನೆ ನಮ್ಮ ಸೀಮೆಯಲ್ಲಿ ಸರ್ಕಾರದ ಕಡತಕ್ಕೆ ಏರಿದ್ದು ಹೀಗೆ, ಹೆಣಗಳ ಲೆಕ್ಕದ ಮೂಲಕ.

ಮುಂದೆ ಅದೇ ಪ್ರಶ್ನೆಯನ್ನು ಪ್ರಯೋಗಾಲಯದವರು ಎತ್ತಿಕೊಂಡರು. ಕೂನೂರಿನಲ್ಲಿ ರಾಬರ್ಟ್ ಮೆಕ್‌ಕಾರಿಸನ್ ಇಲಿಗಳಿಗೆ ಇಂಡಿಯದ ಬೇರೆಬೇರೆ ಪ್ರಾಂತಗಳ ಊಟವನ್ನು ತಿನ್ನಿಸಿ ನೋಡಿದನು. ಗೋಧಿ ರೊಟ್ಟಿ, ಹಾಲು, ತರಕಾರಿಗಳ ಸಿಖ್ಖರ ಊಟ ತಿಂದ ಇಲಿಗಳು ದಷ್ಟಪುಷ್ಟವಾದವು. ಮದರಾಸಿನ ಅಕ್ಕಿಯೂಟದವು ಬಡಕಲಾದವು. ಆಗ ನಾವೂ ಮದರಾಸು ಪ್ರಾಂತದವರೇ! ಆದರೆ ನಮ್ಮ ತಟ್ಟೆಯಲ್ಲಿ ಆ ಅಕ್ಕಿ ಇರಲಿಲ್ಲ. ಗೋಧಿಯೇ ಬಲ ಎಂಬ ಭಾವನೆ ಇಂಥ ಮಾತುಗಳಿಂದ ಬಲಿಯಿತೆಂದು ನನ್ನ ಅಭಿಪ್ರಾಯ. ಇಲಿಗಳನ್ನು ಬೆಳೆಸಿದ್ದರಲ್ಲಿ ಹಾಲು, ತರಕಾರಿಗಳ ಪಾಲೆಷ್ಟು ಎಂದು ಕೇಳಿದವರು ಕಡಮೆ. ಅದೇ ಕೂನೂರಿನಲ್ಲಿ ಆಮೇಲೆ ನಿರ್ದೇಶಕನಾದ ಆಯ್‌ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕ ಬೆಲೆಯನ್ನೂ ತೃಪ್ತಿಕರ ಊಟದ ಯೋಜನೆಯನ್ನೂ ಕುರಿತ ಕಿರುಹೊತ್ತಗೆಯನ್ನು ಹೊರತಂದನು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು.

ಹೈದರಾಬಾದಿನಲ್ಲಿ ನಡೆದದ್ದನ್ನು ಸಿರಿಧಾನ್ಯದ ಭಕ್ತರು ಸಾಮಾನ್ಯವಾಗಿ ಹೇಳುವುದಿಲ್ಲ, ಆದುದರಿಂದ ನಾನು ಹೇಳುತ್ತೇನೆ. ದಖ್ಖನದ ಬಡ ಕೂಲಿಗಳಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ಬಿದ್ದೆಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ. ಮೆಕ್ಕೆಜೋಳ ತಿನ್ನುವ ದೇಶಗಳ ರೋಗವೆಂದು ಹೆಸರಾದ ಅದು ಇಲ್ಲಿ ಜೋಳ ತಿನ್ನುವವರಲ್ಲಿ ಏಕೆ ಬಂತು? 1960ರಲ್ಲಿ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯನವರ ಸರಣಿಯ ಸಂಶೋಧನೆ ಬೆರಳು ತೋರಿದ್ದು ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶದ ಕಡೆಗೆ. ಮೂರು ಹೊತ್ತೂ ಬರಿಯ ಜೋಳ, ಮೇಲೆ ಖಾರ ಉಪ್ಪು ಮಾತ್ರ ಎಂಬವರಿಗೆ ಬರುತ್ತಿದ್ದ ರೋಗ ಅದು. ತಟ್ಟೆಯಲ್ಲಿ ಬೇಳೆ, ಸೊಪ್ಪು, ಮಜ್ಜಿಗೆ ಇದ್ದವರನ್ನು ಮುಟ್ಟುತ್ತಿರಲಿಲ್ಲ. ಸಂಗನಕಲ್ಲಿನ ಆ ಹಳೆಯ ಜೋಡಿಯನ್ನೂ, ಕಾರ್ನಿಷ್‌ನ ಹಿಡಿ ಬೇಳೆಯನ್ನೂ ಇಲ್ಲಿ ನೆನೆಯಬೇಕು. ರೊಟ್ಟಿಯ ಮೇಲೆ ಪುಂಡಿಪಲ್ಯ, ಮೊಳಕೆಯ ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹುರುಳಿ ಸಾರು ಇರುವುದು ನಾಲಗೆಯ ಚಪಲಕ್ಕೆ ಮಾತ್ರವಲ್ಲ.

ಇನ್ನು ಗೋಧಿ ನಮ್ಮ ಕಡೆಗೆ ಬಂದ ಬಗೆ. ಹಬ್ಬದ ಹುಗ್ಗಿಗೆ, ಹೋಳಿಗೆಗೆ, ಶಾವಿಗೆಗೆ ಗೋಧಿ ಮೊದಲೇ ಇತ್ತು. ಇದ್ದದ್ದು ವರ್ಷಕ್ಕೆ ಕೆಲವು ದಿನ. ದಿನದ ಊಟಕ್ಕೆ ಅದು ಬಂದದ್ದು ಅಮೆರಿಕದ ಹಡಗಿನಲ್ಲಿ. 1954ರಲ್ಲಿ ಅಮೆರಿಕ ಮಾಡಿದ ಪಿ.ಎಲ್. 480 ಎಂಬ ಕಾನೂನಿನ ಪ್ರಕಾರ 1956ರಲ್ಲಿ ಭಾರತ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. 1965 ಮತ್ತು 1966ರ ಬರಗಳಲ್ಲಿ ಗೋಧಿಯ ಹಡಗುಗಳಿಗಾಗಿ ದೇಶವೇ ಕಾಯುವಂತಾಯಿತು. ಪಡಿತರದ ಅಂಗಡಿಯಲ್ಲಿ ಕೆಂಪು ಗೋಧಿ, ಶಾಲೆಯಲ್ಲಿ ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ. ನನ್ನ ವಯಸ್ಸಿನವರಲ್ಲಿ ಆ ಉಪ್ಪಿಟ್ಟಿನ ವಾಸನೆ ಮರೆತವರು ಯಾರಿದ್ದಾರೆ? ಹಸಿದ ಮಕ್ಕಳು ಅದರಿಂದ ಶಾಲೆಗೆ ಬಂದರು, ಅದನ್ನು ಅಲ್ಲಗಳೆಯಲಾರೆ. ಆದರೆ ಅದರ ಜೊತೆಗೆ, ರೊಟ್ಟಿ ಬಡವರದು, ಚಪಾತಿ ಓದಿದವರದು ಎಂಬ ಭಾವನೆಯೂ ಊರೊಳಗೆ ಬಂತು. ಮುಂದೆ 2013ರ ಅನ್ನಭಾಗ್ಯದಿಂದ ಅಕ್ಕಿಯೂ ಮನೆಮನೆ ತುಂಬಿತು. ಹೊಲದಲ್ಲಿ ಜೋಳ, ನವಣೆ ಇದ್ದೆಡೆ ಕೋಳಿಯ ಮೇವಿಗೂ ಕಾರ್ಖಾನೆಗೂ ಹೋಗುವ ಮೆಕ್ಕೆಜೋಳ ನಿಂತಿತು.

ವಿಚಿತ್ರವೆಂದರೆ, ನಮ್ಮಲ್ಲಿ ಗೋಧಿಗಾಗಿ ಕಾಯುವ ಕಾಲಕ್ಕೆ ಸ್ವಲ್ಪ ಮೊದಲು, ಗೋಧಿಯೇ ಕೆಲವು ಮಕ್ಕಳಿಗೆ ವಿಷವೆಂಬುದು ಯೂರೋಪಿನಲ್ಲಿ ಸಿದ್ಧವಾಗಿತ್ತು. ಡಚ್ಚರ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ ಈ ಅನುಮಾನವನ್ನು 1930ರ ದಶಕದಿಂದಲೇ ಬೆನ್ನಟ್ಟಿದ್ದನು. 1944-45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಹಾಲೆಂಡಿಗೆ ಬರ ಬಂತು, ಬ್ರೆಡ್ಡು ಕಾಣದಾಯಿತು. ಊರೆಲ್ಲ ಸೊರಗುತ್ತಿರುವಾಗ ಸೀಲಿಯಾಕ್ ಮಕ್ಕಳ ಸ್ಥಿತಿ ಸುಧಾರಿಸಿದ್ದು, ಬ್ರೆಡ್ಡು ಮರಳಿ ಬಂದೊಡನೆ ಅವರು ಮತ್ತೆ ಮಲಗಿದ್ದು ಅವನ ನಂಬಿಕೆಯನ್ನು ದೃಢಪಡಿಸಿತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದನು; ದೋಷ ಗ್ಲುಟೆನ್ನಿನದೆಂದು ಜೊತೆಗಾರರೊಡನೆ ತೋರಿಸಿದನು. ಒಂದು ಬರ ನಮ್ಮವರಿಗೆ ಬೇಳೆಯ ಬೆಲೆ ಕಲಿಸಿತು, ಇನ್ನೊಂದು ಬರ ಈ ರೋಗದ ಮೂಲವನ್ನು ತೋರಿತು.

ಭಾರತದಲ್ಲಿ ಈ ರೋಗ ಉತ್ತರದ ಗೋಧಿ ಸೀಮೆಯಲ್ಲಿ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಮೆ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಮೂರು ಪ್ರದೇಶಗಳನ್ನು ಹೋಲಿಸಿ ಇದನ್ನು ತೋರಿಸಿತು. ರೋಗಕ್ಕೆ ಎಡೆಕೊಡುವ ವಂಶವಾಹಿಗಳು ದಕ್ಷಿಣದವರಲ್ಲಿಯೂ ಇವೆ. ದೊಡ್ಡ ವ್ಯತ್ಯಾಸ ಕಂಡದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ಹಾಗೆಂದು ಗೋಧಿ ಎಲ್ಲರಿಗೂ ಕೆಟ್ಟದ್ದೆಂದು ಹೇಳುವ ಗುಂಪಿಗೆ ನಾನು ಸೇರಿದವನಲ್ಲ. ಸಂಶಯವಿದ್ದವರು ತಾವೇ ಗೋಧಿ ಬಿಡುವ ಮೊದಲು ವೈದ್ಯರ ಬಳಿ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಪರೀಕ್ಷೆಯಲ್ಲಿ ರೋಗ ಕಾಣದೆ ಹೋಗಬಹುದು. ಕಿರುಧಾನ್ಯದಿಂದ ಸಕಲ ರೋಗವೂ ವಾಸಿಯೆಂಬ ಭಾಷಣಗಳನ್ನೂ ನಾನು ನಂಬುವುದಿಲ್ಲ.

ಈಗ ಸಂಸಾರದ ಲೆಕ್ಕಕ್ಕೆ ಬರೋಣ. 2023ನ್ನು ವಿಶ್ವಸಂಸ್ಥೆ ಕಿರುಧಾನ್ಯಗಳ ವರ್ಷವೆಂದು ಸಾರಿತು, ಸಿರಿಧಾನ್ಯವೆಂಬ ಹೆಸರು ಬಂತು, ಹೆಸರಿಗೆ ತಕ್ಕಂತೆ ಸಿರಿವಂತರ ಅಂಗಡಿಯೂ ಬಂತು. ಅಲ್ಲಿ ಬೆಲೆ ಏರಿಸುವ ಒಂದು ಕಾರಣ ತಿಳಿದಿರಲಿ. ನವಣೆ, ಸಾಮೆ, ಕೊರಲೆ, ಹಾರಕ, ಊದಲುಗಳಿಗೆ ಹೊಟ್ಟು ಬಿಗಿಯಾಗಿ ಅಂಟಿರುತ್ತದೆ. ಸುಲಿಯಲು ಯಂತ್ರ ಬೇಕು, ಸುಲಿದಾಗ ತೂಕ ಕಳೆಯುತ್ತದೆ. ಜೋಳ, ಸಜ್ಜೆ, ರಾಗಿಗಳಿಗೆ ಆ ಕಾಟವಿಲ್ಲ, ನೇರವಾಗಿ ಬೀಸಬಹುದು. ಕೈ ಬಿಗಿ ಇರುವ ಮನೆಗೆ ಈ ಮೂರೇ ಆಧಾರ. 2024-25ಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ಸಜ್ಜೆಗೆ 2625 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3371, ರಾಗಿಗೆ 4290, ಸಾಮಾನ್ಯ ಬತ್ತಕ್ಕೆ 2300. ಅಂಗಡಿಯ ದರ ಇದಕ್ಕಿಂತ ಹೆಚ್ಚೇ ಇರುತ್ತದೆ, ಆದರೂ ಪೊಟ್ಟಣದ ಹಿಟ್ಟಿಗೆ ಹೋಲಿಸಿದರೆ ಕಾಳು ಕೊಂಡು ಬೀಸಿಸುವುದು ಬಹಳ ಅಗ್ಗ. ಮೂರರಲ್ಲಿ ಅಗ್ಗವಾದ ಸಜ್ಜೆಯನ್ನು ಸಂಕ್ರಾಂತಿಗೆ ಮಾತ್ರ ನೆನೆಯುವುದು ನಮ್ಮವರ ತಪ್ಪು. ಹೈದರಾಬಾದಿನ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ಸಜ್ಜೆಯಲ್ಲಿ 6 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣವಿದೆ, ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶವಿದೆ, ಜೋಳದಲ್ಲಿ 10 ಗ್ರಾಂ ಸಸಾರಜನಕವೂ ಅಷ್ಟೇ ನಾರೂ ಇವೆ. ಹುರುಳಿಯ ಸಸಾರಜನಕ ಇದರ ಎರಡರಷ್ಟಕ್ಕೂ ಹೆಚ್ಚು, ಕಾಳುಗಳಲ್ಲಿ ಅದೇ ಅಗ್ಗವಾದದ್ದು. ಪಡಿತರದ ಅಕ್ಕಿಯಲ್ಲಿಯೂ ಗ್ಲುಟೆನ್ ಇಲ್ಲ. ಅದನ್ನು ದೋಸೆಗೂ ಇಡ್ಲಿಗೂ ಇಟ್ಟುಕೊಳ್ಳಬಹುದು. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ರೊಟ್ಟಿ ಪಲ್ಯ, ರಾತ್ರಿ ಅನ್ನ ಸಾರು ಎಂದರೆ ಯಾವ ವಿಶೇಷ ಅಂಗಡಿಗೂ ಹೋಗಬೇಕಾಗಿಲ್ಲ.

ಆದರೆ ನಿಜವಾಗಿಯೂ ಸೀಲಿಯಾಕ್ ಇದ್ದವರಿಗೆ ಅಜ್ಜಿಯ ಕಾಲದಲ್ಲಿ ಇಲ್ಲದ ಒಂದು ತೊಡಕಿದೆ, ಗಿರಣಿ. ಹಿಂದೆ ಬೀಸುವ ಕಲ್ಲಿನಲ್ಲಿ ಜೋಳದ ಮೇಲೆ ಜೋಳವೇ ಬೀಳುತ್ತಿತ್ತು. ಈಗ ಒಂದೇ ಗಿರಣಿಯಲ್ಲಿ ಹಿಂದಿನವರ ಗೋಧಿ ಇಳಿದ ಮೇಲೆ ನಿಮ್ಮ ಜೋಳ ಬೀಳುತ್ತದೆ. ಅಷ್ಟು ಧೂಳು ಸಾಕು ಆ ಮಗುವಿನ ಕರುಳು ಕೆಡಲು. ಗೋಧಿ ಹಾಕದ ಗಿರಣಿಯನ್ನು ಹುಡುಕಬೇಕು. ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿಯಾದರೂ ಮನೆಯಲ್ಲಿಡುವ ಸಣ್ಣ ಗಿರಣಿಯನ್ನು ಕೊಳ್ಳಬೇಕು. ಕಾಳನ್ನು ಬೀಸುವ ಮೊದಲು ಹಸನು ಮಾಡುವಾಗ ಗೋಧಿಕಾಳು ಬೆರೆತಿದೆಯೇ ಎಂದು ಮೊರದಲ್ಲಿ ನೋಡಬೇಕು. ಚಪಾತಿಯ ಮಣೆ, ಹೆಂಚುಗಳನ್ನು ರೊಟ್ಟಿಗೆ ಬಳಸಬಾರದು. ರವೆ, ಮೈದಾ, ಪೇಟೆಯ ಶಾವಿಗೆ ಗೋಧಿಯ ಮಕ್ಕಳೇ. ಹಳೆಯ ತಳಿಯೆಂದು ಹೊಗಳುವ ಜವೆಗೋಧಿ, ಖಪಲಿ ಗೋಧಿಯೂ ಗೋಧಿಯೇ, ಅದರಲ್ಲಿಯೂ ಅಂಟಿದೆ. ಇನ್ನೊಂದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಡಬ್ಬಿಯಲ್ಲಿ ಬರುವ ಪುಡಿ ಇಂಗಿಗೆ ಅನೇಕ ವೇಳೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿರಿ; ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಸಿಗದಿದ್ದರೆ ಹುರುಳಿ ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ.